ಚಾಮರಾಜಪುರಂ ರೈಲು ನಿಲ್ದಾಣ

ಚಾಮರಾಜಪುರಂ ರೈಲು ನಿಲ್ದಾಣವು ಕರ್ನಾಟಕ ರಾಜ್ಯದ ಮೈಸೂರು ನಗರದೊಳಗಿರುವ ಒಂದು ಚಿಕ್ಕ ರೈಲು ನಿಲ್ದಾಣ. ಇದು ಮೈಸೂರು–ಚಾಮರಾಜನಗರ ಶಾಖಾ ಮಾರ್ಗದಲ್ಲಿದೆ. ಮೈಸೂರು ಜಂಕ್ಷನ್‌ನಿಂದ ದಕ್ಷಿಣ ದಿಕ್ಕಿಗೆ ಹೊರಡುವ ರೈಲಿಗೆ ಸಿಗುವ ಮೊದಲ ನಿಲ್ದಾಣ ಇದಾಗಿದ್ದು, ಇದರ ನಂತರದ ನಿಲ್ದಾಣ ಅಶೋಕಪುರಂ. ಆಡಳಿತದ ದೃಷ್ಟಿಯಿಂದ ಇದು ನೈಋತ್ಯ ರೈಲ್ವೆ ವಲಯದ ಮೈಸೂರು ವಿಭಾಗಕ್ಕೆ ಸೇರುತ್ತದೆ. ದೂರದ ಊರುಗಳಿಗೆ ಹೋಗುವ ಪ್ರಯಾಣಿಕರು ಸಾಮಾನ್ಯವಾಗಿ ಮೈಸೂರು ಜಂಕ್ಷನ್ ಅನ್ನು ಬಳಸುತ್ತಾರೆ. ನಂಜನಗೂಡು ಮತ್ತು ಚಾಮರಾಜನಗರದ ಕಡೆಯಿಂದ ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ನ್ಯಾಯಾಲಯದ ಕೆಲಸಕ್ಕೂ ಮೈಸೂರಿಗೆ ಬಂದು ಹೋಗುವವರಿಗೆ ಚಾಮರಾಜಪುರಂ ನಿಲ್ದಾಣವು ಅನುಕೂಲಕರವಾಗಿದೆ.

ಹೆಸರು

ನಿಲ್ದಾಣಕ್ಕೆ ಅದು ಇರುವ ಬಡಾವಣೆಯ ಹೆಸರೇ ಬಂದಿದೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಹಲವು ‘ಪುರಂ’ ಎಂಬ ಉತ್ತರಪದದಿಂದ ಕೊನೆಗೊಳ್ಳುತ್ತವೆ. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ವಿದ್ಯಾರಣ್ಯಪುರಂ, ಅಶೋಕಪುರಂ ಇದಕ್ಕೆ ಉದಾಹರಣೆಗಳು. ಬರವಣಿಗೆಯಲ್ಲಿ ‘ಚಾಮರಾಜಪುರ’ ಮತ್ತು ‘ಚಾಮರಾಜಪುರಂ’ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ.

‘ಚಾಮರಾಜ’ ಎಂಬುದು ಮೈಸೂರಿನ ಒಡೆಯರ್ ರಾಜವಂಶದಲ್ಲಿ ಅನೇಕ ಅರಸರಿಗೆ ಇದ್ದ ಹೆಸರು. ಹೀಗಾಗಿ ಈ ಹೆಸರಿನಿಂದ ಆರಂಭವಾಗುವ ಸ್ಥಳಗಳು ಹಲವಿದ್ದು, ಹೊಸಬರಿಗೆ ಗೊಂದಲವಾಗುವುದುಂಟು. ಚಾಮರಾಜನಗರವು ಇದೇ ಶಾಖಾ ಮಾರ್ಗದ ಇನ್ನೊಂದು ತುದಿಯಲ್ಲಿರುವ ಜಿಲ್ಲಾ ಕೇಂದ್ರ. ಅದರ ಹಿಂದಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ್ ಅವರ ನೆನಪಿಗಾಗಿ ಆ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. ಚಾಮರಾಜಪೇಟೆ ಇರುವುದು ಬೆಂಗಳೂರಿನಲ್ಲಿ. ಇವೆರಡಕ್ಕೂ ಮೈಸೂರಿನ ಚಾಮರಾಜಪುರಂಗೂ ಹೆಸರಿನ ಹೋಲಿಕೆಯ ಹೊರತು ಬೇರೆ ಸಂಬಂಧವಿಲ್ಲ. ಟಿಕೆಟ್ ಪಡೆಯುವಾಗ ಚಾಮರಾಜಪುರಂ ಮತ್ತು ಚಾಮರಾಜನಗರ ಎಂಬ ಹೆಸರುಗಳನ್ನು ಗಮನವಿಟ್ಟು ನೋಡುವುದು ಅಗತ್ಯ. ಎರಡೂ ಒಂದೇ ಮಾರ್ಗದಲ್ಲಿದ್ದು, ಒಂದು ಮಾರ್ಗದ ಆರಂಭದಲ್ಲಿಯೂ ಇನ್ನೊಂದು ಕೊನೆಯಲ್ಲಿಯೂ ಇವೆ.

ಸ್ಥಳ ಮತ್ತು ಸುತ್ತಲಿನ ಪ್ರದೇಶ

ಮೈಸೂರು ಜಂಕ್ಷನ್‌ನಿಂದ ರೈಲು ಮಾರ್ಗಗಳು ಮೂರು ಕಡೆಗೆ ಹೊರಡುತ್ತವೆ. ಒಂದು ಶ್ರೀರಂಗಪಟ್ಟಣ, ಮಂಡ್ಯಗಳ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಎರಡನೆಯದು ಕೃಷ್ಣರಾಜನಗರ, ಹೊಳೆನರಸೀಪುರಗಳ ಮೂಲಕ ಹಾಸನ ಮತ್ತು ಅರಸೀಕೆರೆಗೆ ಸಾಗುತ್ತದೆ. ಮೂರನೆಯದು ನಂಜನಗೂಡಿನ ಮೂಲಕ ಚಾಮರಾಜನಗರಕ್ಕೆ ಹೋಗುವ ಶಾಖಾ ಮಾರ್ಗ. ಈ ಮೂರನೆಯ ಮಾರ್ಗವು ನಗರದ ದಕ್ಷಿಣ ಭಾಗದ ವಸತಿ ಬಡಾವಣೆಗಳ ನಡುವೆಯೇ ಹಾದು ಹೋಗುತ್ತದೆ. ಇದರಿಂದಾಗಿ ಮೈಸೂರಿನ ದಕ್ಷಿಣ ಭಾಗಕ್ಕೆ ಜಂಕ್ಷನ್ ಅಲ್ಲದೆ ಚಾಮರಾಜಪುರಂ ಮತ್ತು ಅಶೋಕಪುರಂ ಎಂಬ ಇನ್ನೆರಡು ನಿಲ್ದಾಣಗಳು ದೊರೆತಿವೆ.

ಚಾಮರಾಜಪುರಂ ನಿಲ್ದಾಣವು ಝಾನ್ಸಿ ಲಕ್ಷ್ಮೀಬಾಯಿ ರಸ್ತೆಗೆ (ಜೆ.ಎಲ್.ಬಿ. ರಸ್ತೆ) ಸಮೀಪದಲ್ಲಿದೆ. ಬಲ್ಲಾಳ್ ವೃತ್ತ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಇದರ ನೆರೆಯ ಪ್ರದೇಶಗಳು. ಮಹಾರಾಜ ಕಾಲೇಜು, ಯುವರಾಜ ಕಾಲೇಜು, ಶಾರದಾ ವಿಲಾಸ ವಿದ್ಯಾಸಂಸ್ಥೆಗಳು ಹಾಗೂ ಕೃಷ್ಣರಾಜ ಬುಲೆವಾರ್ಡ್‌ನ ನ್ಯಾಯಾಲಯ ಸಂಕೀರ್ಣಗಳು ನಗರದ ಇದೇ ಭಾಗದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನವೂ ದೂರವಿಲ್ಲ. ವಿದ್ಯಾರ್ಥಿಗಳು, ಅಧ್ಯಾಪಕರು, ಕಚೇರಿ ನೌಕರರು, ವಕೀಲರು ಮತ್ತು ಕಕ್ಷಿದಾರರು ದಿನನಿತ್ಯ ಓಡಾಡುವ ಭಾಗ ಇದಾಗಿದೆ.

ಇತಿಹಾಸ

ಮೈಸೂರಿಗೆ ರೈಲು

ಬೆಂಗಳೂರು ಮತ್ತು ಮೈಸೂರು ನಡುವಿನ ಮೀಟರ್ ಗೇಜ್ ಮಾರ್ಗದ ಕೆಲಸ ಆರಂಭವಾದುದು 1877–78ರ ಭೀಕರ ಕ್ಷಾಮದ ಕಾಲದಲ್ಲಿ. ಕ್ಷಾಮಪೀಡಿತರಿಗೆ ಕೂಲಿ ಒದಗಿಸುವ ಕಾಮಗಾರಿಗಳಲ್ಲಿ ರೈಲು ಹಾದಿಯ ಮಣ್ಣಿನ ಕೆಲಸವೂ ಸೇರಿತ್ತು. 1881ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಹತ್ತನೆಯ ಚಾಮರಾಜ ಒಡೆಯರ್ ಅವರಿಗೆ ಮರಳಿ ಒಪ್ಪಿಸಿದರು. ಮರುವರ್ಷ, 1882ರಲ್ಲಿ, ರೈಲು ಮೈಸೂರು ನಗರವನ್ನು ತಲುಪಿತು.

ಮೈಸೂರಿನಿಂದ ದಕ್ಷಿಣಕ್ಕೆ ನಂಜನಗೂಡಿನವರೆಗಿನ ಮಾರ್ಗವು 1891ರಲ್ಲಿ ಸಂಚಾರಕ್ಕೆ ತೆರೆಯಿತು. ನಂಜನಗೂಡು ಕಪಿಲಾ ನದಿಯ ದಂಡೆಯ ಮೇಲಿರುವ ಪ್ರಸಿದ್ಧ ಯಾತ್ರಾಸ್ಥಳ. ಅಲ್ಲಿನ ಶ್ರೀಕಂಠೇಶ್ವರ ದೇವಾಲಯಕ್ಕೆ ಬರುವ ಭಕ್ತರಿಗೂ, ಸುತ್ತಲಿನ ಪ್ರದೇಶದ ವ್ಯಾಪಾರಕ್ಕೂ ಈ ಮಾರ್ಗ ಅನುಕೂಲವಾಯಿತು. ನಂಜನಗೂಡಿನಲ್ಲಿ ಕಪಿಲಾ ನದಿಗೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದನೆಂದು ಹೇಳಲಾಗುವ ಕಲ್ಲಿನ ಸೇತುವೆ ಆಗಲೇ ಇತ್ತು. ಮೀಟರ್ ಗೇಜ್ ಹಳಿಯನ್ನು ಅದೇ ಸೇತುವೆಯ ಮೇಲೆ ಹಾಸಲಾಯಿತು. ರಸ್ತೆ ವಾಹನಗಳೂ ರೈಲುಗಳೂ ಒಂದೇ ಸೇತುವೆಯನ್ನು ಹಂಚಿಕೊಂಡು ಬಹುಕಾಲ ಸಾಗಿದವು.

ನಂಜನಗೂಡಿನಿಂದ ಚಾಮರಾಜನಗರದವರೆಗಿನ ವಿಸ್ತರಣೆ ಪೂರ್ಣಗೊಂಡದ್ದು 1926ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ. ಹೀಗೆ ಎರಡು ಹಂತಗಳಲ್ಲಿ, 35 ವರ್ಷಗಳ ಅಂತರದಲ್ಲಿ, ಈಗಿನ ಸುಮಾರು 61 ಕಿಲೋಮೀಟರ್ ಉದ್ದದ ಶಾಖಾ ಮಾರ್ಗ ರೂಪುಗೊಂಡಿತು.

ಹಳಿಯ ಸುತ್ತ ಬೆಳೆದ ನಗರ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರಿನಲ್ಲಿ ಪ್ಲೇಗ್ ರೋಗ ಹರಡಿತು. ಕೋಟೆಯ ಒಳಗೂ ಸುತ್ತಲೂ ಒತ್ತೊತ್ತಾಗಿದ್ದ ಹಳೆಯ ವಸತಿಗಳಿಗೆ ಬದಲಾಗಿ ಗಾಳಿ–ಬೆಳಕು, ಅಗಲವಾದ ರಸ್ತೆ ಮತ್ತು ಒಳಚರಂಡಿ ಇರುವ ಹೊಸ ಬಡಾವಣೆಗಳು ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ನಗರ ಯೋಜನೆಗಾಗಿಯೇ ಭಾರತದಲ್ಲಿ ರಚಿತವಾದ ಮೊದಮೊದಲ ಸಂಸ್ಥೆಗಳಲ್ಲಿ ಇದೂ ಒಂದು. ಮುಂದಿನ ದಶಕಗಳಲ್ಲಿ ನಗರವು ಹಳೆಯ ಕೋಟೆಯಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ವಿಸ್ತರಿಸಿತು.

ನಂಜನಗೂಡಿನ ರೈಲು ಹಳಿ 1891ರಲ್ಲಿಯೇ ಬಂದಿತ್ತು. ವಿಶ್ವಸ್ಥ ಮಂಡಳಿ ಸ್ಥಾಪನೆಯಾದದ್ದು ಅದಾದ 12 ವರ್ಷಗಳ ನಂತರ. ನಗರವು ಬೆಳೆಯುತ್ತ ಬಂದಂತೆ ಊರ ಹೊರಗೆ ಸಾಗುತ್ತಿದ್ದ ಹಳಿಯು ಊರಿನ ನಡುವೆ ಸೇರಿಕೊಂಡಿತು. ಇದು ಎರಡು ಪರಿಣಾಮಗಳನ್ನು ಉಂಟುಮಾಡಿತು. ಮೊದಲನೆಯದಾಗಿ, ರಸ್ತೆಗಳು ಹಳಿಯನ್ನು ದಾಟಬೇಕಾದ ಕಡೆಗಳಲ್ಲಿ ಗೇಟು, ಮೇಲ್ಸೇತುವೆ ಅಥವಾ ಕೆಳಸೇತುವೆಗಳ ಅಗತ್ಯ ಬಂದಿತು. ಎರಡನೆಯದಾಗಿ, ಹೊಸ ಜಮೀನು ಪಡೆಯದೆ, ಹೊಸ ಹಳಿ ಹಾಸದೆ ನಗರದ ದಕ್ಷಿಣ ಬಡಾವಣೆಗಳಿಗೆ ರೈಲು ಸಂಪರ್ಕ ದೊರೆಯಿತು. ಇಂದು ಬೇರೆ ನಗರಗಳು ಅಪಾರ ವೆಚ್ಚದಲ್ಲಿ ನಿರ್ಮಿಸಿಕೊಳ್ಳುತ್ತಿರುವ ನಗರದೊಳಗಿನ ರೈಲು ಹಾದಿ ಮೈಸೂರಿಗೆ ಹೀಗೆ ಮೊದಲೇ ಲಭಿಸಿತ್ತು.

ಸ್ವಾತಂತ್ರ್ಯಾನಂತರ

1950ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ಭಾರತ ಸರ್ಕಾರದ ಅಧೀನಕ್ಕೆ ಬಂದಿತು. 1951ರ ಏಪ್ರಿಲ್ 14ರಂದು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಹಾಗೂ ಮೈಸೂರು ರೈಲ್ವೆಗಳನ್ನು ಒಂದುಗೂಡಿಸಿ ದಕ್ಷಿಣ ರೈಲ್ವೆಯನ್ನು ರಚಿಸಲಾಯಿತು. ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ ವಲಯವು 2003ರಲ್ಲಿ ಕಾರ್ಯಾರಂಭ ಮಾಡಿದಾಗ ಮೈಸೂರು ವಿಭಾಗವು ಅದಕ್ಕೆ ಸೇರಿತು.

1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸುವ ತೀರ್ಮಾನವಾಯಿತು. ಅಲ್ಲಿಯವರೆಗೆ ಚಾಮರಾಜನಗರ ಭಾಗದ ಜನರಿಗೆ ಜಿಲ್ಲಾ ಮಟ್ಟದ ಪ್ರತಿಯೊಂದು ಕೆಲಸಕ್ಕೂ ಮೈಸೂರೇ ಕೇಂದ್ರವಾಗಿತ್ತು. ಹೊಸ ಜಿಲ್ಲೆಯಾದ ಬಳಿಕ ಸರ್ಕಾರಿ ಕಚೇರಿಗಳ ಕೆಲಸಕ್ಕಾಗಿ ಬರುವ ಅಗತ್ಯ ಕಡಿಮೆಯಾದರೂ, ಉನ್ನತ ಶಿಕ್ಷಣ, ಚಿಕಿತ್ಸೆ, ವ್ಯಾಪಾರ ಮತ್ತು ಉದ್ಯೋಗಗಳಿಗಾಗಿ ಮೈಸೂರನ್ನು ಅವಲಂಬಿಸುವುದು ಮುಂದುವರಿದಿದೆ.

ಗೇಜ್ ಪರಿವರ್ತನೆ

ಮೀಟರ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್. ಬ್ರಾಡ್ ಗೇಜ್‌ನಲ್ಲಿ 1,676 ಮಿಲಿಮೀಟರ್. ಎರಡೂ ಬಗೆಯ ಹಳಿಗಳಿರುವ ಕಡೆ ಒಂದು ಮಾರ್ಗದ ಬೋಗಿಗಳು ಇನ್ನೊಂದರ ಮೇಲೆ ಓಡಲಾರವು. ಪ್ರಯಾಣಿಕರು ಇಳಿದು ರೈಲು ಬದಲಿಸಬೇಕು. ಸರಕನ್ನು ಇಳಿಸಿ ಮತ್ತೆ ತುಂಬಬೇಕು. ಈ ತೊಡಕನ್ನು ನಿವಾರಿಸಲು ಭಾರತೀಯ ರೈಲ್ವೆಯು 1992ರಲ್ಲಿ ಏಕ ಗೇಜ್ ಯೋಜನೆಯನ್ನು ಕೈಗೊಂಡು, ದೇಶದ ಬಹುಪಾಲು ಮೀಟರ್ ಗೇಜ್ ಮಾರ್ಗಗಳನ್ನು ಹಂತಹಂತವಾಗಿ ಬ್ರಾಡ್ ಗೇಜ್‌ಗೆ ಪರಿವರ್ತಿಸಿತು.

ಬೆಂಗಳೂರು–ಮೈಸೂರು ಮಾರ್ಗವು ಮೊದಲು ಬ್ರಾಡ್ ಗೇಜ್ ಆಯಿತು. ಮೈಸೂರು–ಚಾಮರಾಜನಗರ ಮಾರ್ಗದ ಪರಿವರ್ತನೆ ಪೂರ್ಣಗೊಂಡದ್ದು 2008ರಲ್ಲಿ. ನಂಜನಗೂಡಿನಲ್ಲಿ ಹಳೆಯ ಕಲ್ಲಿನ ಸೇತುವೆಗೆ ಬದಲಾಗಿ ಹೊಸ ರೈಲು ಸೇತುವೆ ಬಳಕೆಗೆ ಬಂದಿತು. ಪರಿವರ್ತನೆಯ ಬಳಿಕ ಈ ಶಾಖಾ ಮಾರ್ಗದ ರೈಲುಗಳು ಮೈಸೂರಿನಲ್ಲಿಯೇ ನಿಲ್ಲದೆ ಬೆಂಗಳೂರಿನ ಕಡೆಗೂ ಅದರಾಚೆಗೂ ನೇರವಾಗಿ ಸಾಗಲು ಸಾಧ್ಯವಾಯಿತು. ಚಾಮರಾಜನಗರ ಮತ್ತು ತಿರುಪತಿ ನಡುವೆ ಸಂಚರಿಸುವ ರೈಲು ಇದಕ್ಕೆ ಉದಾಹರಣೆ. ಮಾರ್ಗವನ್ನು ನಂತರದ ವರ್ಷಗಳಲ್ಲಿ ವಿದ್ಯುದೀಕರಿಸಲಾಗಿದೆ.

ಮಾರ್ಗ ಮತ್ತು ನೆರೆಯ ನಿಲ್ದಾಣಗಳು

ಮೈಸೂರು ಜಂಕ್ಷನ್‌ನಿಂದ ಹೊರಟ ರೈಲು ಚಾಮರಾಜಪುರಂ ಮತ್ತು ಅಶೋಕಪುರಂಗಳನ್ನು ದಾಟಿ ನಗರದಿಂದ ಹೊರಬೀಳುತ್ತದೆ. ಮುಂದೆ ಕಡಕೊಳ ಮತ್ತು ತಾಂಡವಪುರ ಬರುತ್ತವೆ. ಇವೆರಡೂ ಕೈಗಾರಿಕಾ ಪ್ರದೇಶಗಳಿರುವ ಸ್ಥಳಗಳು. ನಂತರ ನಂಜನಗೂಡು ಪಟ್ಟಣ, ಅದರಾಚೆ ಕವಲಂದೆ, ಬದನಗುಪ್ಪೆ ಮೊದಲಾದ ನಿಲ್ದಾಣಗಳನ್ನು ದಾಟಿ ಮಾರ್ಗವು ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ.

ಚಾಮರಾಜನಗರದಿಂದ ಮುಂದಕ್ಕೆ ತಮಿಳುನಾಡಿನ ಮೇಟ್ಟುಪಾಳಯಂವರೆಗೆ ಮಾರ್ಗವನ್ನು ವಿಸ್ತರಿಸುವ ಪ್ರಸ್ತಾಪ ಹಳೆಯದು. ಹಳಿಯು ಸತ್ಯಮಂಗಲದ ಅರಣ್ಯ ಪ್ರದೇಶವನ್ನು ಹಾದು ಹೋಗಬೇಕಾಗಿರುವುದರಿಂದ ವನ್ಯಜೀವಿ ಸಂರಕ್ಷಣೆಯ ಪ್ರಶ್ನೆ ಎದುರಾಗಿ ಅದು ಕಾರ್ಯಗತವಾಗಿಲ್ಲ. ಆದ್ದರಿಂದ ಇದು ಇಂದಿಗೂ ಒಂದು ತುದಿ ಮುಚ್ಚಿದ ಶಾಖಾ ಮಾರ್ಗವಾಗಿಯೇ ಉಳಿದಿದೆ. ಮುಖ್ಯ ಮಾರ್ಗಗಳಲ್ಲಿರುವಂತೆ ದೂರದ ರೈಲುಗಳ ದಟ್ಟಣೆ ಇಲ್ಲಿಲ್ಲ. ಮಾರ್ಗದ ಮುಖ್ಯ ಬಳಕೆದಾರರು ಸ್ಥಳೀಯ ಪ್ರಯಾಣಿಕರೇ.

ಚಿಕ್ಕ ನಿಲ್ದಾಣದ ಕಾರ್ಯವಿಧಾನ

ಶಾಖಾ ಮಾರ್ಗದ ನಿಲ್ದಾಣಗಳೆಲ್ಲ ಒಂದೇ ಬಗೆಯವಲ್ಲ. ಏಕಪಥ ಮಾರ್ಗದಲ್ಲಿ ಎರಡೂ ದಿಕ್ಕಿನ ರೈಲುಗಳು ಒಂದೇ ಹಳಿಯನ್ನು ಬಳಸುತ್ತವೆ. ಸುರಕ್ಷತೆಗಾಗಿ ಮಾರ್ಗವನ್ನು ಬ್ಲಾಕ್ ವಿಭಾಗಗಳಾಗಿ ಭಾಗಿಸಿ, ಒಂದು ವಿಭಾಗದಲ್ಲಿ ಒಂದು ಸಮಯಕ್ಕೆ ಒಂದೇ ರೈಲು ಇರುವಂತೆ ನೋಡಿಕೊಳ್ಳಲಾಗುತ್ತದೆ. ಎದುರುಬದುರಾಗಿ ಬರುವ ಎರಡು ರೈಲುಗಳು ಒಂದನ್ನೊಂದು ದಾಟಬೇಕಾದರೆ ಹೆಚ್ಚುವರಿ ಹಳಿ, ಅಂದರೆ ಲೂಪ್ ಮಾರ್ಗ, ಇರುವ ನಿಲ್ದಾಣ ಬೇಕು. ಒಂದು ರೈಲು ಅಲ್ಲಿ ಪಕ್ಕಕ್ಕೆ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಇದನ್ನು ಪ್ರಯಾಣಿಕರು ರೂಢಿಯಲ್ಲಿ ‘ಕ್ರಾಸಿಂಗ್’ ಎನ್ನುತ್ತಾರೆ. ಇನ್ನು ಕೆಲವು ನಿಲ್ದಾಣಗಳು ಪ್ರಯಾಣಿಕರು ಹತ್ತಿ ಇಳಿಯುವುದಕ್ಕಷ್ಟೇ ಇರುತ್ತವೆ.

ಒಂದು ಚಿಕ್ಕ ನಿಲ್ದಾಣದಲ್ಲಿ ರೈಲು ನಿಲ್ಲುವ ಅವಧಿ ಸಾಮಾನ್ಯವಾಗಿ ಒಂದು ನಿಮಿಷದಷ್ಟು. ಆದರೆ ನಿಲುಗಡೆಗೆ ತಗಲುವ ಒಟ್ಟು ಸಮಯ ಅದಕ್ಕಿಂತ ಹೆಚ್ಚು. ವೇಗವನ್ನು ಇಳಿಸುವುದಕ್ಕೂ ಮತ್ತೆ ಏರಿಸುವುದಕ್ಕೂ ಬೇಕಾಗುವ ಸಮಯವನ್ನು ಇದಕ್ಕೆ ಸೇರಿಸಬೇಕು. ಎಂಜಿನ್ ಎಳೆಯುವ ಉದ್ದನೆಯ ರೈಲಿಗೆ ಈ ನಷ್ಟ ಹೆಚ್ಚು. ಹಲವು ಬೋಗಿಗಳಲ್ಲಿ ಮೋಟಾರು ಹಂಚಿಕೆಯಾಗಿರುವ ಮೆಮು ರೈಲುಗಳಿಗೆ ನಷ್ಟ ಕಡಿಮೆ. ಅವು ಬೇಗ ವೇಗ ಪಡೆಯುತ್ತವೆ. ಎರಡೂ ತುದಿಗಳಲ್ಲಿ ಚಾಲಕರ ಕೋಣೆ ಇರುವುದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬದಲಿಸುವ ಅಗತ್ಯವೂ ಇಲ್ಲ. ಹತ್ತಿರ ಹತ್ತಿರದ ನಿಲುಗಡೆಗಳಿರುವ ಮಾರ್ಗಗಳಿಗೆ ಇಂಥ ರೈಲುಗಳು ಸೂಕ್ತವೆನ್ನಿಸುವುದು ಈ ಕಾರಣಕ್ಕಾಗಿ.

ದೂರದ ರೈಲುಗಳ ವೇಳಾಪಟ್ಟಿ ರೂಪಿಸುವಾಗ ಚಿಕ್ಕ ನಿಲ್ದಾಣಗಳ ನಿಲುಗಡೆಯನ್ನು ಕೈಬಿಟ್ಟರೆ ಪ್ರಯಾಣದ ಅವಧಿ ಕಡಿಮೆಯಾಗುತ್ತದೆ. ರೈಲಿನಲ್ಲಿರುವ ಎಲ್ಲರಿಗೂ ಕೆಲವು ನಿಮಿಷಗಳ ಲಾಭವಾಗುತ್ತದೆ. ಆದರೆ ಆ ನಿಲ್ದಾಣದಲ್ಲಿ ಇಳಿಯಬೇಕಾದವರು ಜಂಕ್ಷನ್‌ವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿಯೋ ಆಟೋದಲ್ಲಿಯೋ ಹಿಂದಕ್ಕೆ ಬರಬೇಕು. ಇದಕ್ಕೆ ತಗಲುವ ಸಮಯವೂ ಹಣವೂ ಅವರ ಮೇಲೆ ಬೀಳುತ್ತದೆ. ಚಾಮರಾಜಪುರಂನಂಥ ನಿಲ್ದಾಣಕ್ಕೆ ಸಂಬಂಧಿಸಿದ ಬೇಡಿಕೆಗಳಲ್ಲಿ ಯಾವ ರೈಲು ನಿಲ್ಲಬೇಕು, ಯಾವುದು ನಿಲ್ಲಬಾರದು ಎಂಬ ಪ್ರಶ್ನೆಯೇ ಮುಖ್ಯವಾಗುವುದು ಇದರಿಂದ.

ಪ್ರಯಾಣಿಕರು

ನಿಲ್ದಾಣದ ಬಳಕೆಯು ದಿನದ ವೇಳೆಗೆ ತಕ್ಕಂತೆ ಬದಲಾಗುತ್ತದೆ. ಬೆಳಗಿನ ರೈಲುಗಳಲ್ಲಿ ಚಾಮರಾಜನಗರ ಮತ್ತು ನಂಜನಗೂಡಿನ ಕಡೆಯಿಂದ ಕಾಲೇಜು ವಿದ್ಯಾರ್ಥಿಗಳೂ ನೌಕರರೂ ನಗರಕ್ಕೆ ಬರುತ್ತಾರೆ. ಸಂಜೆ ಅದೇ ಜನ ಹಿಂದಿರುಗುತ್ತಾರೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಮೈಸೂರಿನಲ್ಲಿ ವಾಸವಿದ್ದು ಕಡಕೊಳ, ತಾಂಡವಪುರ, ನಂಜನಗೂಡುಗಳ ಕಾರ್ಖಾನೆ, ಶಾಲೆ ಮತ್ತು ಕಚೇರಿಗಳಿಗೆ ಹೋಗುವವರೂ ಇದ್ದಾರೆ. ಹುಣ್ಣಿಮೆ, ಸೋಮವಾರ ಮತ್ತು ಹಬ್ಬದ ದಿನಗಳಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವ ಭಕ್ತರು, ನಂಜನಗೂಡಿನ ದೊಡ್ಡ ಜಾತ್ರೆಯ ಸಮಯದಲ್ಲಿ ಜಾತ್ರೆಗೆ ಹೋಗುವವರು, ದಸರೆಯಲ್ಲಿ ನಗರಕ್ಕೆ ಬರುವವರು ಈ ಮಾರ್ಗವನ್ನು ಬಳಸುತ್ತಾರೆ.

ರೈಲು ಪ್ರಯಾಣದ ಆಕರ್ಷಣೆ ಅದರ ಕಡಿಮೆ ದರದಲ್ಲಿದೆ. 150 ಕಿಲೋಮೀಟರ್‌ವರೆಗಿನ ದೂರಕ್ಕೆ ಮಾಸಿಕ ಸೀಸನ್ ಟಿಕೆಟ್ ದೊರೆಯುತ್ತದೆ. ಪ್ರತಿದಿನ ಹೋಗಿ ಬರುವವರಿಗೆ ಇದು ಪ್ರತಿ ಸಲ ಟಿಕೆಟ್ ಕೊಳ್ಳುವುದಕ್ಕಿಂತ ಬಹಳ ಅಗ್ಗ. ವಿದ್ಯಾರ್ಥಿಗಳಿಗೆ ಇದರಲ್ಲಿಯೂ ರಿಯಾಯಿತಿ ಇದೆ. ಕಾಯ್ದಿರಿಸದ ಟಿಕೆಟ್‌ಗಳನ್ನು ಮೊಬೈಲ್ ಮೂಲಕವೂ ಪಡೆಯಬಹುದು.

ದರ ಬದಲಾವಣೆಯ ಪರಿಣಾಮ

ಕೋವಿಡ್ ಸಾಂಕ್ರಾಮಿಕದ ಕಾರಣ 2020ರ ಮಾರ್ಚ್‌ನಲ್ಲಿ ದೇಶದಾದ್ಯಂತ ಪ್ರಯಾಣಿಕ ರೈಲುಗಳ ಸಂಚಾರ ಸ್ಥಗಿತಗೊಂಡಿತು. ನಂತರ ಸಂಚಾರ ಪುನರಾರಂಭವಾದಾಗ ಹಿಂದಿನ ಪ್ಯಾಸೆಂಜರ್ ರೈಲುಗಳನ್ನು ವಿಶೇಷ ಎಕ್ಸ್‌ಪ್ರೆಸ್ ರೈಲುಗಳ ಹೆಸರಿನಲ್ಲಿ ಓಡಿಸಲಾಯಿತು. ಇದರಿಂದ ಕನಿಷ್ಠ ಪ್ರಯಾಣ ದರವು 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಸೀಸನ್ ಟಿಕೆಟ್ ಸೌಲಭ್ಯವೂ ಕೆಲಕಾಲ ಇರಲಿಲ್ಲ. 2024ರ ಫೆಬ್ರವರಿ ಕೊನೆಯಲ್ಲಿ ಕನಿಷ್ಠ ದರವನ್ನು ಮತ್ತೆ 10 ರೂಪಾಯಿಗೆ ಇಳಿಸಲಾಯಿತು.

ದೂರದ ಪ್ರಯಾಣಿಕರಿಗೆ ಈ ಏರಿಕೆ ಅಷ್ಟಾಗಿ ತಟ್ಟಲಿಲ್ಲ. ಅದರ ಭಾರ ಬಿದ್ದುದು ಕೆಲವೇ ನಿಲ್ದಾಣಗಳ ದೂರ ಪ್ರಯಾಣಿಸುವವರ ಮೇಲೆ. ಕನಿಷ್ಠ ದರದಲ್ಲಿ ತಿಂಗಳಿಗೆ 25 ದಿನ ಹೋಗಿ ಬರುವ ಒಬ್ಬರು ಬಿಡಿ ಟಿಕೆಟ್ ಕೊಂಡರೆ ಖರ್ಚು 500 ರೂಪಾಯಿ. ದರ ಮೂರು ಪಟ್ಟಾದಾಗ ಅದೇ ಪ್ರಯಾಣಕ್ಕೆ 1,500 ರೂಪಾಯಿ ಬೇಕಾಯಿತು. ದಿನಗೂಲಿ ಅಥವಾ ಕಡಿಮೆ ಸಂಬಳದವರಿಗೂ ವಿದ್ಯಾರ್ಥಿಗಳಿಗೂ ಈ ವ್ಯತ್ಯಾಸ ಸಣ್ಣದಲ್ಲ. ಚಿಕ್ಕ ನಿಲ್ದಾಣವೊಂದು ಎಷ್ಟು ಉಪಯುಕ್ತವೆಂಬುದು ಹಳಿ ಮತ್ತು ಕಟ್ಟಡಗಳಿಂದ ಮಾತ್ರ ತೀರ್ಮಾನವಾಗುವುದಿಲ್ಲ. ದರ, ವೇಳಾಪಟ್ಟಿ ಮತ್ತು ನಿಲುಗಡೆ ಮೂರೂ ಕೂಡಿದಾಗ ಮಾತ್ರ ಅದು ನಿತ್ಯ ಪ್ರಯಾಣಿಕರಿಗೆ ನೆರವಾಗುತ್ತದೆ.

ಅಶೋಕಪುರಂ ವಿಸ್ತರಣೆ

ಚಾಮರಾಜಪುರಂನ ಮುಂದಿನ ನಿಲ್ದಾಣವಾದ ಅಶೋಕಪುರಂ ಮೈಸೂರಿನ ರೈಲ್ವೆ ಇತಿಹಾಸದಲ್ಲಿ ಪ್ರಮುಖ ಸ್ಥಾನ ಪಡೆದಿದೆ. ಸಂಸ್ಥಾನದ ಕಾಲದಲ್ಲಿ, 1924ರಲ್ಲಿ, ಇಲ್ಲಿ ಸ್ಥಾಪನೆಯಾದ ರೈಲ್ವೆ ಕಾರ್ಯಾಗಾರವು ಇಂದಿಗೂ ಬೋಗಿಗಳ ದುರಸ್ತಿ ಮತ್ತು ನಿರ್ವಹಣೆಯಲ್ಲಿ ತೊಡಗಿದೆ.

ಮೈಸೂರು ಜಂಕ್ಷನ್‌ನಲ್ಲಿ ರೈಲುಗಳನ್ನು ನಿಲ್ಲಿಸಲು ಇರುವ ಸ್ಥಳ ಸೀಮಿತ. ಬೆಂಗಳೂರು–ಮೈಸೂರು ಮಾರ್ಗ ಜೋಡಿಪಥವಾಗಿ ರೈಲುಗಳ ಸಂಖ್ಯೆ ಹೆಚ್ಚಿದಂತೆ ಜಂಕ್ಷನ್‌ನ ಪ್ಲಾಟ್‌ಫಾರಂಗಳ ಮೇಲಿನ ಒತ್ತಡವೂ ಹೆಚ್ಚಿತು. ಇದನ್ನು ತಗ್ಗಿಸಲು 2020ರ ದಶಕದಲ್ಲಿ ಅಶೋಕಪುರಂ ನಿಲ್ದಾಣವನ್ನು ವಿಸ್ತರಿಸಿ, ಮೈಸೂರಿನಲ್ಲಿ ಕೊನೆಗೊಳ್ಳುತ್ತಿದ್ದ ಕೆಲವು ರೈಲುಗಳನ್ನು ಅಲ್ಲಿಯವರೆಗೆ ಓಡಿಸಲಾಯಿತು. ಚೆನ್ನೈನಿಂದ ಬರುವ ಕಾವೇರಿ ಎಕ್ಸ್‌ಪ್ರೆಸ್ ಇವುಗಳಲ್ಲಿ ಒಂದು.

ಹೀಗೆ ಅಶೋಕಪುರಂಗೆ ಹೋಗುವ ಪ್ರತಿಯೊಂದು ರೈಲೂ ಚಾಮರಾಜಪುರಂ ಅನ್ನು ಹಾದೇ ಹೋಗಬೇಕು. ಆದರೆ ಹಾದು ಹೋಗುವುದು ಬೇರೆ, ನಿಲ್ಲುವುದು ಬೇರೆ. ರೈಲುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಚಿಕ್ಕ ನಿಲ್ದಾಣದ ಸೇವೆ ಹೆಚ್ಚುವುದಿಲ್ಲ. ನಿಲುಗಡೆ ಇಲ್ಲದ ರೈಲುಗಳು ಹೆಚ್ಚಾದರೆ, ಏಕಪಥದಲ್ಲಿ ಅವುಗಳಿಗೆ ದಾರಿ ಬಿಡಲು ನಿಲುಗಡೆ ಇರುವ ಸ್ಥಳೀಯ ರೈಲುಗಳು ಕಾಯಬೇಕಾಗಲೂಬಹುದು.

ಉಪನಗರ ರೈಲಿನ ಸಾಧ್ಯತೆ

ಮೈಸೂರಿನಲ್ಲಿ ಮುಂಬಯಿ ಅಥವಾ ಚೆನ್ನೈನಲ್ಲಿರುವಂಥ ಪ್ರತ್ಯೇಕ ಉಪನಗರ ರೈಲು ವ್ಯವಸ್ಥೆ ಇಲ್ಲ. ಚಾಮರಾಜಪುರಂ ಮತ್ತು ಅಶೋಕಪುರಂಗಳಲ್ಲಿ ನಿಲ್ಲುವ ಸಾಮಾನ್ಯ ರೈಲುಗಳೇ ಇಲ್ಲಿ ಆ ಪಾತ್ರವನ್ನು ವಹಿಸುತ್ತವೆ. ಬೆಂಗಳೂರಿನಲ್ಲಿ 148 ಕಿಲೋಮೀಟರ್ ಉದ್ದದ ಉಪನಗರ ರೈಲು ಯೋಜನೆಗೆ ಕೇಂದ್ರ ಸಚಿವ ಸಂಪುಟ 2020ರಲ್ಲಿ ಒಪ್ಪಿಗೆ ನೀಡಿತು. 15,767 ಕೋಟಿ ರೂಪಾಯಿ ಅಂದಾಜು ವೆಚ್ಚದ ಈ ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ಅದೇ ದಿನ ಮೈಸೂರಿನ ಸಮೀಪದ ನಾಗನಹಳ್ಳಿಯಲ್ಲಿ 480 ಕೋಟಿ ರೂಪಾಯಿ ಅಂದಾಜು ವೆಚ್ಚದ ಕೋಚಿಂಗ್ ಟರ್ಮಿನಲ್‌ಗೂ ಶಂಕುಸ್ಥಾಪನೆ ನೆರವೇರಿತು. ಮೈಸೂರು ಜಂಕ್ಷನ್‌ನ ದಟ್ಟಣೆಯನ್ನು ಕಡಿಮೆ ಮಾಡಿ, ಹೆಚ್ಚಿನ ಮೆಮು ರೈಲುಗಳಿಗೂ ದೂರದ ರೈಲುಗಳಿಗೂ ಅವಕಾಶ ಕಲ್ಪಿಸುವುದು ಇದರ ಉದ್ದೇಶ.

ನಾಗನಹಳ್ಳಿ ನಗರದ ಉತ್ತರಕ್ಕಿದ್ದರೆ, ಅಶೋಕಪುರಂ ಮತ್ತು ಕಡಕೊಳ ದಕ್ಷಿಣಕ್ಕಿವೆ. ಚಾಮರಾಜಪುರಂ ಇವುಗಳ ನಡುವಣ ಹಳಿಯ ಮೇಲಿದೆ. ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಅಡ್ಡಹಾಯುವ ಸ್ಥಳೀಯ ರೈಲು ಸೇವೆಗೆ ಬೇಕಾದ ಹಳಿಯೂ ನಿಲ್ದಾಣಗಳೂ ಈಗಾಗಲೇ ಇವೆ. ಇಂಥ ಸೇವೆಗೆ ಇರುವ ಮುಖ್ಯ ಅಡಚಣೆಗಳು ಶಾಖಾ ಮಾರ್ಗದ ಏಕಪಥ ಮತ್ತು ಜಂಕ್ಷನ್‌ನಲ್ಲಿನ ಸ್ಥಳಾಭಾವ. ಇದರ ಜೊತೆಗೆ ಸಂಪರ್ಕ ಬಸ್ಸುಗಳ ಸಮಯವನ್ನು ರೈಲಿನ ಸಮಯಕ್ಕೆ ಹೊಂದಿಸುವುದು, ನಿಲ್ದಾಣಕ್ಕೆ ನಡೆದು ಬರುವ ದಾರಿಯನ್ನು ಸುಗಮಗೊಳಿಸುವುದು ಮೊದಲಾದ ಚಿಕ್ಕ ವಿಷಯಗಳೂ ಬಳಕೆಯ ಮೇಲೆ ಪ್ರಭಾವ ಬೀರುತ್ತವೆ.

ಸಾಹಿತ್ಯದಲ್ಲಿ ಚಿಕ್ಕ ನಿಲ್ದಾಣ

ಭಾರತೀಯ ಇಂಗ್ಲಿಷ್ ಲೇಖಕ ಆರ್.ಕೆ. ನಾರಾಯಣ್ (1906–2001) ತಮ್ಮ ಜೀವನದ ಬಹುಭಾಗವನ್ನು ಮೈಸೂರಿನಲ್ಲಿ ಕಳೆದರು. ಮಹಾರಾಜ ಕಾಲೇಜಿನಲ್ಲಿ ಓದಿದರು. ಅವರು ಸೃಷ್ಟಿಸಿದ ಮಾಲ್ಗುಡಿ ಎಂಬ ಕಾಲ್ಪನಿಕ ಊರಿನಲ್ಲಿ ಒಂದು ಚಿಕ್ಕ ರೈಲು ನಿಲ್ದಾಣಕ್ಕೆ ಮಹತ್ವದ ಸ್ಥಾನವಿದೆ. ಮಾಲ್ಗುಡಿ ಯಾವ ಊರು ಎಂಬ ಕುತೂಹಲ ಓದುಗರಲ್ಲಿ ಇದ್ದೇ ಇದೆಯಾದರೂ ಅದು ಯಾವುದೇ ಒಂದು ನೈಜ ಸ್ಥಳದ ಪ್ರತಿರೂಪವಲ್ಲ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳನ್ನು ಚಿತ್ರೀಕರಿಸಿದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ. ಅಲ್ಲಿನ ಹಳೆಯ ಕಟ್ಟಡವನ್ನು ಮೈಸೂರು ರೈಲ್ವೆ ವಿಭಾಗವು ವಸ್ತುಸಂಗ್ರಹಾಲಯವಾಗಿ ರೂಪಿಸಿದೆ.

ಕಾಲಾನುಕ್ರಮ

1882 – ಬೆಂಗಳೂರಿನಿಂದ ಮೀಟರ್ ಗೇಜ್ ರೈಲು ಮಾರ್ಗ ಮೈಸೂರನ್ನು ತಲುಪಿತು.
1891 – ಮೈಸೂರು–ನಂಜನಗೂಡು ಮಾರ್ಗ ಆರಂಭ.
1903 – ಮೈಸೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಸ್ಥಾಪನೆ.
1924 – ಅಶೋಕಪುರಂನಲ್ಲಿ ರೈಲ್ವೆ ಕಾರ್ಯಾಗಾರದ ಸ್ಥಾಪನೆ.
1926 – ನಂಜನಗೂಡಿನಿಂದ ಚಾಮರಾಜನಗರಕ್ಕೆ ಮಾರ್ಗದ ವಿಸ್ತರಣೆ.
1951 – ದಕ್ಷಿಣ ರೈಲ್ವೆಯ ರಚನೆ.
2003 – ನೈಋತ್ಯ ರೈಲ್ವೆ ವಲಯದ ಕಾರ್ಯಾರಂಭ.
2008 – ಮೈಸೂರು–ಚಾಮರಾಜನಗರ ಗೇಜ್ ಪರಿವರ್ತನೆ ಪೂರ್ಣ.
2020 – ಕೋವಿಡ್ ಕಾರಣ ಪ್ರಯಾಣಿಕ ರೈಲುಗಳ ಸಂಚಾರ ಸ್ಥಗಿತ.
2022 – ನಾಗನಹಳ್ಳಿ ಟರ್ಮಿನಲ್‌ಗೆ ಶಂಕುಸ್ಥಾಪನೆ.
2024 – ಕನಿಷ್ಠ ಪ್ರಯಾಣ ದರ ಮತ್ತೆ 10 ರೂಪಾಯಿಗೆ ಇಳಿಕೆ.

ಇವನ್ನೂ ನೋಡಿ

ಮೈಸೂರು ಜಂಕ್ಷನ್ ರೈಲು ನಿಲ್ದಾಣ
ಅಶೋಕಪುರಂ ರೈಲು ನಿಲ್ದಾಣ
ಮೈಸೂರು–ಚಾಮರಾಜನಗರ ರೈಲು ಮಾರ್ಗ
ನಂಜನಗೂಡು
ನೈಋತ್ಯ ರೈಲ್ವೆ ವಲಯ